ಡಿಪ್ಲೊಮಾ ಆದ ಮೇಲೆ ಮಿಲ್ಟ್ರಿ ಸಿಗ್ನಲ್ಸ್: ಅಗ್ನಿವೀರ್ ಟೆಕ್ನಿಕಲ್ಲೋ, ಬಿಇ ಮಾಡಿ ಎಸ್‌ಎಸ್‌ಸಿ ಟೆಕ್ಕೋ?

ಶಿಂಷಾತೀರ, ಮದ್ದೂರು

ನಮಸ್ಕಾರ. ನನ್ನ ತಮ್ಮ ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಡಿಪ್ಲೊಮಾ, ಕೊನೇ ಸೆಮಿಸ್ಟರ್. ವಯಸ್ಸು 19 ವರ್ಷ 3 ತಿಂಗಳು. ಎಸ್ಸೆಸ್ಸೆಲ್ಸಿ 74 ಪರ್ಸೆಂಟ್. ಪಿಯುಸಿ ಇಲ್ಲ, ನೇರ ಡಿಪ್ಲೊಮಾಕ್ಕೆ ಹೋದವನು. ಸೇನೆಗೇ ಸೇರಬೇಕು, ಅಲ್ಲೂ ನೆಟ್‌ವರ್ಕು, ವೈರ್‌ಲೆಸ್ಸು, ಕಂಪ್ಯೂಟರ್ ಕೆಲಸವೇ ಬೇಕು ಅಂತ ಹಟ. ಅಪ್ಪ ಬಿಇ ಮುಗಿಸು, ಆಮೇಲೆ ನೋಡೋಣ ಅಂತಾರೆ.

ಗೊತ್ತಿರೋರು ಮೂರು ವಿಷಯ ಹೇಳಿ. ಅರ್ಜಿಯಲ್ಲೇ ಸಿಗ್ನಲ್ಸ್ (ಸೇನೆಯ ಸಂಪರ್ಕ ದಳ) ಅಂತ ಕೇಳಕ್ಕಾಗುತ್ತಾ? ಅಗ್ನಿವೀರ್ (ನಾಲ್ಕು ವರ್ಷದ ಸೈನಿಕ ಸೇವೆ) ಮೊದಲೋ, ಬಿಇ ಮೊದಲೋ? ಈಗಿನಿಂದ ಏನು ಕಲಿತರೆ ಅಲ್ಲಿ ಉಪಯೋಗಕ್ಕೆ ಬರುತ್ತೆ? ದಿನಾ ಬೆಳಗ್ಗೆ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಓಡ್ತಾನೆ, ಆ ಭಾಗದ ಚಿಂತೆ ಅಷ್ಟಿಲ್ಲ.

ಗೆಜ್ಜಲಗೆರೆ ಗುರು

ಟಿಇಎಸ್ (ಸೇನೆಯ ಟೆಕ್ನಿಕಲ್ ಎಂಟ್ರಿ ಸ್ಕೀಮ್) ಹಾಕ್ಸಿ ಸಾರ್. ಪರೀಕ್ಷೆ ಇಲ್ಲ, ಓದು ಅವರೇ ಓದಿಸ್ತಾರೆ, ಹೊರಗೆ ಬಂದ್ರೆ ನೇರ ಲೆಫ್ಟಿನೆಂಟು.

ಲೆಕ್ಕದ ಮೇಷ್ಟ್ರು, ಮೈಸೂರು

ಗುರು, ಆ ಹುಡುಗನಿಗೆ ಟಿಇಎಸ್ ಬರೋದಿಲ್ಲ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 60 ಪರ್ಸೆಂಟ್ ಇರಬೇಕು, ಜೆಇಇ ಮೇನ್ ಬರೆದಿರಬೇಕು, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಡಿಪ್ಲೊಮಾದವರಿಗೆ ಆ ಬಾಗಿಲು ಮೊದಲಿಂದಲೂ ಮುಚ್ಚಿದೆ.

ಶಿಂಷಾತೀರ ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಭಿಪ್ರಾಯದಲ್ಲಿಲ್ಲ, ವಯಸ್ಸಿನ ಕೂಡು-ಕಳೆಯುವ ಲೆಕ್ಕದಲ್ಲಿದೆ. ಎರಡು ಗಡಿ ನೆನಪಿಟ್ಟುಕೊಳ್ಳಿ. ಅಗ್ನಿವೀರ್‌ಗೆ 2025ರ ಅಧಿಸೂಚನೆಯಲ್ಲಿ ಹದಿನೇಳೂವರೆಯಿಂದ 21. ಬಿಇ ಆದವರು ಆಫೀಸರ್ ಆಗೋ ದಾರಿಗಳಾದ ಎಸ್‌ಎಸ್‌ಸಿ ಟೆಕ್ (ಅಲ್ಪಾವಧಿ ಸೇವೆ), ಟಿಜಿಸಿ (ಕಾಯಂ ಸೇವೆ) ಎರಡಕ್ಕೂ 20ರಿಂದ 27, ಅದೂ ಕೋರ್ಸ್ ಶುರುವಾಗುವ ತಿಂಗಳ ಒಂದನೇ ತಾರೀಖಿಗೆ.

ಈಗ ಹುಡುಗ ಮೊದಲು ಅಗ್ನಿವೀರ್ ಆದ ಅಂದುಕೊಳ್ಳಿ. ಅರ್ಜಿ, ಪರೀಕ್ಷೆ, ರ‍್ಯಾಲಿ, ಮೆಡಿಕಲ್ ಎಲ್ಲ ಮುಗಿದು ಟ್ರೇನಿಂಗ್ ಸೆಂಟರ್ ಮೆಟ್ಟಿಲು ಹತ್ತೋ ಹೊತ್ತಿಗೆ 20. ನಾಲ್ಕು ವರ್ಷ, 24. ಕಾಯಂ ಆಗುವವರು ಒಂದು ತಂಡದಲ್ಲಿ 25 ಪರ್ಸೆಂಟ್ ತನಕ ಮಾತ್ರ. ಉಳಿಯದಿದ್ದರೆ ಬಂದು ಡಿಸಿಇಟಿ (ಡಿಪ್ಲೊಮಾದವರ ಬಿಇ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ಸೇರಿದರೂ ಮೂರು ವರ್ಷ, 27. ಆಫೀಸರ್ ಬಾಗಿಲು ಅಲ್ಲಿಗೆ ಮುಚ್ಚಿತು. ಉಲ್ಟಾ ಮಾಡಿದರೆ ಬಿಇ ಮುಗಿಯುವಾಗ ಇಪ್ಪತ್ತೆರಡೂವರೆ. ಅಗ್ನಿವೀರ್ ಹೋಯಿತು, ಆದರೆ ಎಸ್‌ಎಸ್‌ಸಿ ಟೆಕ್‌ಗೆ ನಾಲ್ಕೂವರೆ ವರ್ಷ ಕೈಯಲ್ಲಿ. ವರ್ಷಕ್ಕೆ ಎರಡು ಸಲ ಕರೀತಾರೆ, ಕೊನೇ ವರ್ಷದಲ್ಲಿ ಓದ್ತಾ ಇದ್ದಾಗಲೇ ಹಾಕಬಹುದು. ಎಂಟೊಂಬತ್ತು ಅವಕಾಶ ಆಯಿತು.

ನನ್ನ ಮಾತು: ಡಿಸಿಇಟಿ ಬರೀಲಿ, ಸೀಟು ಹಿಡಿಯಲಿ. ಜೊತೆಗೇ ಅಗ್ನಿವೀರ್ ಟೆಕ್ನಿಕಲ್ ಪರೀಕ್ಷೆಯನ್ನೂ ಬರೀಲಿ, ವಯಸ್ಸಿನ ಗಡಿ ದಾಟೋವರೆಗೆ ಅವಕಾಶ ಇದೆ. ಎರಡೂ ಕೈಗೆ ಬಂದ ದಿನ ಮನೆಯವರು ಕೂತು ತೀರ್ಮಾನ ಮಾಡಿ. ಮನೆಗೆ ಈಗಲೇ ಸಂಪಾದನೆ ಬೇಕು ಅಂತಿದ್ದರೆ ಲೆಕ್ಕ ಬೇರೆ: ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ ಕೈಗೆ 21,000, ನಾಲ್ಕನೇ ವರ್ಷ 40,000, ಕೈಗೆ 28,000. ಹಿಡಿದ 30 ಪರ್ಸೆಂಟಿಗೆ ಸರ್ಕಾರವೂ ಅಷ್ಟೇ ಸೇರಿಸಿ, ಕೊನೆಗೆ ಬಡ್ಡಿ ಸಮೇತ ಸುಮಾರು 11.7 ಲಕ್ಷ ಸೇವಾನಿಧಿ ಕೊಡುತ್ತೆ, ತೆರಿಗೆ ಇಲ್ಲ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ಲೆಫ್ಟಿನೆಂಟ್‌ಗೆ ಮೂಲ ವೇತನವೇ 56,100, ಮೇಲೆ ಸೇನಾ ಸೇವಾ ವೇತನ 15,500, ಆಮೇಲೆ ಭತ್ಯೆಗಳು. ಟ್ರೇನಿಂಗ್‌ನಲ್ಲೂ 56,100 ಸ್ಟೈಪೆಂಡ್ ಬರುತ್ತೆ.

ಬಿಇ ಸೇರಿದರೆ ಒಂದು ಎಚ್ಚರ. ಎಸ್‌ಎಸ್‌ಸಿ ಟೆಕ್‌ಗೆ ಲಿಖಿತ ಪರೀಕ್ಷೆ ಇಲ್ಲ. ಬಿಇ ಅಂಕ ನೋಡಿ ಬ್ರಾಂಚ್‌ವಾರು ಕಟ್ ಆಫ್ ಹಾಕಿ ಎಸ್‌ಎಸ್‌ಬಿ ಸಂದರ್ಶನಕ್ಕೆ ಕರೀತಾರೆ. ಕೊನೇ ವರ್ಷದಲ್ಲಿ ಇರೋರಿಗೆ 6ನೇ ಸೆಮಿಸ್ಟರ್‌ವರೆಗಿನ ಅಂಕವೇ ಲೆಕ್ಕ. ಡಿಪ್ಲೊಮಾದಿಂದ ಬಂದವರು 3ನೇ ಸೆಮಿಸ್ಟರ್ ಗಣಿತದಲ್ಲಿ ಎಡವೋದು ಮಾಮೂಲು, ಅವರಿಗೆ ಮೊದಲ ವರ್ಷದ ಕ್ಯಾಲ್ಕುಲಸ್ ತಪ್ಪಿಹೋಗಿರುತ್ತೆ. ಆ ಒಂದು ಸೆಮಿಸ್ಟರ್ ಬಿದ್ದರೆ ಇರೋದೇ ನಾಲ್ಕು ಸೆಮಿಸ್ಟರಿನ ಸರಾಸರಿ, ಎತ್ತೋದು ಕಷ್ಟ. ಡಿಪ್ಲೊಮಾ ಮುಗಿದು ಕಾಲೇಜು ಶುರುವಾಗೋ ನಡುವೆ ಸಿಗೋ ರಜದಲ್ಲಿ ಅದನ್ನೇ ಓದಿಸಿ.

ಇನ್ನೊಂದು. ಬ್ರಾಂಚ್ ಹೆಸರು. ಅಧಿಸೂಚನೆಯಲ್ಲಿ ಒಪ್ಪುವ ಬ್ರಾಂಚ್‌ಗಳ ಪಟ್ಟಿ ಇರುತ್ತೆ, ಪದವಿ ಪತ್ರದ ಹೆಸರಿಗೂ ಅರ್ಜಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸ ಆಗಬಾರದು ಅಂತ ಅಲ್ಲೇ ಬರೆದಿರ್ತಾರೆ. ಈಗ ಕಾಲೇಜುಗಳು ದಿನಕ್ಕೊಂದು ಹೊಸ ಹೆಸರಿನ ಬ್ರಾಂಚ್ ತೆಗೀತಾ ಇವೆ. ಸೀಟು ಆರಿಸೋ ಮುಂಚೆ ಇತ್ತೀಚಿನ ಅಧಿಸೂಚನೆ ಎದುರಿಗಿಟ್ಟುಕೊಂಡು ನೋಡಿ. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಟೆಕ್ನಾಲಜಿ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಅಂತ ಹಳೇ ಹೆಸರಿದ್ದರೆ ತಲೆನೋವಿಲ್ಲ.

ಹಳೇ ಎಕ್ಸ್‌ಚೇಂಜ್, ಮಂಡ್ಯ

ಮೊದಲನೇ ಪ್ರಶ್ನೆಗೆ ಒಂದೇ ಮಾತು: ಇಲ್ಲ. ಅಗ್ನಿವೀರ್ ಅರ್ಜಿಯಲ್ಲಿ ಸಿಗ್ನಲ್ಸ್ ಅನ್ನೋ ಕಾಲಮ್ಮೇ ಇಲ್ಲ. ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್/ಸ್ಟೋರ್ ಕೀಪರ್ ಟೆಕ್ನಿಕಲ್, ಟ್ರೇಡ್ಸ್‌ಮನ್ ಅಂತ ವಿಭಾಗ ಇವೆ. 2025ರಲ್ಲಿ ಎರಡು ವಿಭಾಗ ಆರಿಸೋಕೆ ಬಿಟ್ಟರು. ಟೆಕ್ನಿಕಲ್‌ನಲ್ಲಿ ಗೆದ್ದ ಹುಡುಗನನ್ನ ಸಿಗ್ನಲ್ಸ್‌ಗೆ ಹಾಕ್ತಾರೋ, ಇಎಂಇಗೋ (ಸೇನೆಯ ರಿಪೇರಿ ದಳ), ಇಂಜಿನಿಯರ್ಸ್‌ಗೋ, ಏರ್ ಡಿಫೆನ್ಸ್‌ಗೋ, ಅದು ಸೇನೆಯ ಅಗತ್ಯ. ‘ಸಿಗ್ನಲ್ಸ್ ಕೊಡಿಸ್ತೀನಿ’ ಅಂತ ದುಡ್ಡು ಕೇಳೋನು ಸಿಕ್ಕರೆ ಅವನು ಕಳ್ಳ, ಅಷ್ಟೇ.

ಸಿಗ್ನಲ್ಸ್‌ಗೆ ಬಿದ್ದರೆ ಟ್ರೇನಿಂಗ್ ಜಬಲ್‌ಪುರದ 1 ಸಿಗ್ನಲ್ ಟ್ರೇನಿಂಗ್ ಸೆಂಟರ್‌ನಲ್ಲಿ, ಇಲ್ಲಾ ಗೋವಾದ 2ರಲ್ಲಿ. ಆಫೀಸರ್‌ಗಳ ಮನೆ ಮಧ್ಯಪ್ರದೇಶದ ಮಹೂನಲ್ಲಿರೋ ತರಬೇತಿ ಕಾಲೇಜು ಎಂಸಿಟಿಇ. 1911ರ ಫೆಬ್ರವರಿ 15ಕ್ಕೆ ಶುರುವಾದ ದಳ, ಧ್ಯೇಯವಾಕ್ಯ ‘ತೀವ್ರ ಚೌಕಸ್’.

ಕೆಲಸದ ಬಗ್ಗೆ ಹುಡುಗನಿಗೆ ಸರಿಯಾದ ಚಿತ್ರ ಕೊಡಿ. ಎಸಿ ರೂಮಲ್ಲಿ ಕೂತು ಹ್ಯಾಕಿಂಗ್ ಮಾಡ್ತೀನಿ ಅಂದುಕೊಂಡು ಹೋಗೋರು ಮೊದಲ ಆರು ತಿಂಗಳಲ್ಲೇ ಬಾಡಿಹೋಗ್ತಾರೆ. ಸಿಗ್ನಲ್‌ಮನ್ ಅಂದ್ರೆ ರೇಡಿಯೊ ಸೆಟ್ ನಡೆಸೋನು, ಎಕ್ಸ್‌ಚೇಂಜ್ ನೋಡೋನು, ಕೇಬಲ್ ಎಳೆಯೋ ಲೈನ್‌ಮನ್, ಜನರೇಟರ್ ಕಾಯೋನು, ಮೋಟರ್‌ಸೈಕಲ್‌ನಲ್ಲಿ ಕಾಗದ ಒಯ್ಯೋ ಡಿಸ್ಪ್ಯಾಚ್ ರೈಡರ್. ಹೌದು, ಅದು ಇವತ್ತಿಗೂ ಇದೆ. ಮಧ್ಯರಾತ್ರಿ ಲೈನ್ ಸತ್ತರೆ ಮಳೆಯಲ್ಲಿ ಹೋಗಿ ಹುಡುಕಬೇಕು. ಸರ್ವರ್, ರೌಟರ್, ಡೇಟಾ ನೆಟ್‌ವರ್ಕ್ ಕೆಲಸವೂ ಧಾರಾಳವಾಗಿ ಇದೆ. ಸೇನೆಯ ಅಸ್ಕಾನ್ ಅನ್ನೋ ಸಂಪರ್ಕ ಜಾಲದ ನಾಲ್ಕನೇ ಹಂತವನ್ನ ನಮ್ಮ ಬೆಂಗಳೂರಿನ ಐಟಿಐ ಕಂಪನಿಗೆ 2020ರಲ್ಲಿ 7,796 ಕೋಟಿಗೆ ವಹಿಸಿದರು. ಮೂರೂ ಪಡೆಗಳಿಗೆ ಬಿಎಸ್‌ಎನ್‌ಎಲ್ ಹಾಕಿದ ಪ್ರತ್ಯೇಕ ಆಪ್ಟಿಕಲ್ ಫೈಬರ್ ಜಾಲ ಸುಮಾರು 60,000 ಕಿ.ಮೀ. ಇದನ್ನೆಲ್ಲ ಉಳಿಸಿಕೊಳ್ಳೋಕೆ ಜನ ಬೇಡ್ವಾ? ಸೈಬರ್ ಕಡೆಗೂ 2023ರಲ್ಲಿ ಪ್ರತ್ಯೇಕ ವಿಂಗ್‌ಗಳು ಬಂದಿವೆ. ಆದರೆ ಅಲ್ಲಿಗೆ ಒಳಗಿನಿಂದ ಆರಿಸ್ತಾರೆ, ಹೊರಗಿನ ಹೊಸ ಹುಡುಗನನ್ನ ನೇರ ಕೂರಿಸಲ್ಲ.

ಇನ್‌ಫೆಂಟ್ರಿಗೆ ಬಿದ್ದರೂ ಅಳಬೇಕಾಗಿಲ್ಲ. ಪ್ರತಿ ಬೆಟಾಲಿಯನ್‌ಗೂ ತನ್ನದೇ ಸಿಗ್ನಲ್ ಪ್ಲಟೂನ್ ಇರುತ್ತೆ. ಎಲೆಕ್ಟ್ರಾನಿಕ್ಸ್ ಬಲ್ಲ ಹುಡುಗ ಅಲ್ಲಿ ಬೇಗ ಕಣ್ಣಿಗೆ ಬೀಳ್ತಾನೆ. ಇಎಂಇ ಆದರೆ ರಿಪೇರಿ ಕೆಲಸ, ಬೋರ್ಡ್ ಬಿಚ್ಚಿ ಸೋಲ್ಡರಿಂಗ್ ಮಾಡೋ ಹುಚ್ಚಿದ್ದರೆ ಸಿಗ್ನಲ್ಸ್‌ಗಿಂತ ಅದೇ ವಾಸಿ.

ಒಂಟಿಕೊಪ್ಪಲು

ನಾನು ಕಾಗದಪತ್ರದ ಬಗ್ಗೆ ಮಾತ್ರ ಹೇಳ್ತೀನಿ. ಓಟದಲ್ಲಿ ಸೋತು ವಾಪಸ್ ಬರೋರ ಕಥೆ ಎಲ್ಲರಿಗೂ ಗೊತ್ತು, ಹೆಸರಿನಲ್ಲಿ ಸೋತು ಬರೋರ ಕಥೆ ಯಾರೂ ಹೇಳಲ್ಲ.

ನಮ್ಮ ಕಡೆ ಹೆಸರಿನ ಇನಿಷಿಯಲ್ಲೇ ಶನಿ. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ‘ಮಂಜುನಾಥ ಕೆ’, ಆಧಾರ್‌ನಲ್ಲಿ ‘ಮಂಜುನಾಥ್ ಕೆ ಎಂ’, ಬ್ಯಾಂಕಲ್ಲಿ ‘ಕೆ ಮಂಜುನಾಥಗೌಡ’. ಅಪ್ಪನ ಹೆಸರು ಒಂದು ಕಡೆ ಕೆಂಪೇಗೌಡ, ಇನ್ನೊಂದು ಕಡೆ ಕೆಂಪಣ್ಣ. ಇಂಗ್ಲಿಷ್‌ನಲ್ಲಿ ಬರೆದಾಗ ‘ಥ’ಕ್ಕೆ ಒಂದು ಅಕ್ಷರ ಹೆಚ್ಚು ಕಡಿಮೆ ಆದರೂ ಅದು ಬೇರೆ ಮನುಷ್ಯ. ಸೇನೆಗೆ ಆಧಾರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದರಲ್ಲಿ ಹೇಗಿದೆಯೋ ಹಾಗೇ ಅರ್ಜಿ, ಹಾಗೇ ಆಧಾರ್, ಹಾಗೇ ಪಾನ್. ಮೊದಲು ಆಧಾರ್ ಸರಿ ಮಾಡಿಸಿ, ಮೊಬೈಲ್ ನಂಬರ್ ಜೋಡಿಸಿ. ಆಮೇಲೆ ನಾಡಕಚೇರಿಯಲ್ಲಿ ವಾಸಸ್ಥಳ ಪತ್ರ, ಜಾತಿ ಪತ್ರ ಹೊಸ ಹೆಸರಿನಂತೆ ತೆಗೆಸಿ. ಈ ಕ್ರಮ ತಪ್ಪಿದರೆ ನಾಡಕಚೇರಿಗೆ ಎರಡೆರಡು ಸಲ ಅಲೆದಾಟ.

ಮಂಡ್ಯ, ಮೈಸೂರು ಎರಡೂ ಜಿಲ್ಲೆಗೆ ಬೆಂಗಳೂರು ಎಆರ್‌ಒ (ಸೇನಾ ಭರ್ತಿ ಕಚೇರಿ), ಮಂಗಳೂರಲ್ಲ. ರ‍್ಯಾಲಿ ದಿನ ನಡತೆ ಪತ್ರ, ಅವಿವಾಹಿತ ಪತ್ರ ಆರು ತಿಂಗಳೊಳಗಿನವು ಇರಬೇಕು, ಫೋಟೊ ಮೂರು ತಿಂಗಳೊಳಗಿನದು, ಬಿಳಿ ಹಿನ್ನೆಲೆ, 20 ಪ್ರತಿ. ಅಂದ್ರೆ ಅರ್ಜಿ ಹಾಕಿದಾಗಲೇ ತೆಗೆಸಿಟ್ಟುಕೊಂಡ ಪತ್ರಗಳು ರ‍್ಯಾಲಿ ಹೊತ್ತಿಗೆ ಹಳಸಿರುತ್ತವೆ. ಅಡ್ಮಿಟ್ ಕಾರ್ಡ್ ಬಂದ ವಾರ ತೆಗೆಸಿ. ಅಫಿಡವಿಟ್ಟಿನ ನಮೂನೆ ಅಧಿಸೂಚನೆಯ ಕೊನೆಯಲ್ಲೇ ಇರುತ್ತೆ. ನೋಟರಿ ಹತ್ತಿರ ಅದನ್ನೇ ಕೊಡಿ, ಅವರ ಹತ್ತಿರ ಇರೋ ಯಾವುದೋ ನಮೂನೆಗೆ ಸಹಿ ಹಾಕಿಸಿಕೊಂಡು ಬರಬೇಡಿ.

ಮೇಷ್ಟ್ರು ಬಿಇ ಸೀಟು ಹಿಡೀರಿ, ಜೊತೆಗೆ ರ‍್ಯಾಲಿಗೂ ಹೋಗಿ ಅಂದರು. ಸರಿ, ಆದರೆ ಕಾಲೇಜು ಮೂಲ ಅಂಕಪಟ್ಟಿ ಇಟ್ಟುಕೊಂಡಿರುತ್ತೆ, ರ‍್ಯಾಲಿಯಲ್ಲಿ ಮೂಲ ಪ್ರತಿಯನ್ನೇ ಕೇಳ್ತಾರೆ. ಹದಿನೈದು ದಿನ ಮುಂಚೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಈಸಿಕೊಂಡಿಟ್ಟುಕೊಳ್ಳಿ. ಹಿಂದಿನ ದಿನ ಸಂಜೆ ಹೋದರೆ ಆಫೀಸ್ ಬೀಗ ಹಾಕಿರುತ್ತೆ.

ಲೆಕ್ಕದ ಮೇಷ್ಟ್ರು, ಮೈಸೂರು

ಒಂಟಿಕೊಪ್ಪಲಿನವರ ಮಾತು ನೂರಕ್ಕೆ ನೂರು. ಅರ್ಹತೆ ಹೇಳೋದು ಮರೆತೆ. ಪಿಯುಸಿ ಇಲ್ಲದವರಿಗೆ ಟೆಕ್ನಿಕಲ್ ವಿಭಾಗದಲ್ಲಿ ಎಸ್ಸೆಸ್ಸೆಲ್ಸಿ ಒಟ್ಟು 50 ಪರ್ಸೆಂಟ್, ಇಂಗ್ಲಿಷ್, ಗಣಿತ, ವಿಜ್ಞಾನ ಒಂದೊಂದರಲ್ಲೂ 40, ಜೊತೆಗೆ ಪಟ್ಟಿಯಲ್ಲಿರೋ ವಿಷಯದಲ್ಲಿ ಎರಡು ವರ್ಷದ ಐಟಿಐ ಅಥವಾ ಡಿಪ್ಲೊಮಾ. ಎಲೆಕ್ಟ್ರಾನಿಕ್ಸು, ಕಂಪ್ಯೂಟರ್ ಎರಡೂ ಪಟ್ಟಿಯಲ್ಲಿವೆ. ಡಿಪ್ಲೊಮಾಗೆ ಬೋನಸ್ ಅಂಕವೂ ಉಂಟು.

ಅಗ್ನಿವೀರ್ ಭರ್ತಿಯ ಸಿಇಇ ಪರೀಕ್ಷೆ ಕಂಪ್ಯೂಟರ್ ಮೇಲೆ, 2025ರಿಂದ ಕನ್ನಡದಲ್ಲೂ ಬರೀಬಹುದು. ಒಂದು ಗಂಟೆ, 50 ಪ್ರಶ್ನೆ, 200 ಅಂಕ, ಪಾಸಿಗೆ 80. ಸರಿಗೆ 4, ತಪ್ಪಿಗೆ 1 ಹೋಗುತ್ತೆ. ನಾಲ್ಕು ಆಯ್ಕೆಯಲ್ಲಿ ಒಂದು ಖಂಡಿತ ತಪ್ಪು ಅಂತ ಗೊತ್ತಾದರೆ ಉಳಿದ ಮೂರರಲ್ಲಿ ಒಂದನ್ನ ಗುರುತು ಹಾಕೋದೇ ಲಾಭ: ಮೂರು ಸಲದಲ್ಲಿ ಒಂದು ಸರಿ ಬಂದರೂ 4 ಬಂತು, 2 ಹೋಯಿತು. ನೆಗೆಟಿವ್ ಅಂಕ ಅಂದ ತಕ್ಷಣ ಹೆದರಿ ಹದಿನೈದು ಪ್ರಶ್ನೆ ಖಾಲಿ ಬಿಟ್ಟು ಬರೋ ಹುಡುಗರೇ ಜಾಸ್ತಿ. ಡಿಪ್ಲೊಮಾದವರಿಗೆ ಕೈ ಕೊಡೋದು ರಸಾಯನಶಾಸ್ತ್ರ. ಮೂರು ವರ್ಷ ಮುಟ್ಟಿರಲ್ಲ. ಪ್ರಥಮ ಪಿಯುಸಿ ಪುಸ್ತಕ ತಂದುಕೊಡಿ.

ಓಟದ ಚಿಂತೆ ಇಲ್ಲ ಅಂದಿರಿ, ಆದರೂ: 1.6 ಕಿ.ಮೀ. ಅಂದ್ರೆ 400 ಮೀಟರ್ ಟ್ರ್ಯಾಕಲ್ಲಿ ನಾಲ್ಕು ಸುತ್ತು. ಐದೂವರೆ ನಿಮಿಷದ ಗುಂಪಿಗೆ ಬರಬೇಕಾದರೆ ಸುತ್ತಿಗೆ 82 ಸೆಕೆಂಡ್. ಎಲ್ಲರೂ ಕೆಡೋದು ಮೊದಲ ಸುತ್ತು 70ಕ್ಕೆ ಓಡಿ ಮೂರನೇದರಲ್ಲಿ ಉಸಿರು ಕಟ್ಟಿ. ಸುತ್ತು ಸುತ್ತಿಗೂ ಗಡಿಯಾರ ನೋಡಿ ಓಡಿಸಿ. ಪುಲ್ ಅಪ್ 10ಕ್ಕೆ 40 ಅಂಕ, 6ಕ್ಕೆ 16. ಓಡೋ ಹುಡುಗರು ಕಳಕೊಳ್ಳೋದು ಇಲ್ಲೇ.

ಕಪ್ಪುತಂತಿ, ಶ್ರೀರಂಗಪಟ್ಟಣ

ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ. ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಸುರೀಬೇಡಿ. ಸೇನೆಯ ಒಳಜಾಲ ಇಂಟರ್ನೆಟ್ಟಿಗೆ ಅಂಟಿಕೊಂಡಿಲ್ಲ. ಅಲ್ಲಿ ಕೆಟ್ಟಾಗ ಹುಡುಕಿ ನೋಡೋಣ ಅಂದ್ರೆ ಗೂಗಲ್ ಇರಲ್ಲ. ಕೈಗೆ, ತಲೆಗೆ ಇಳಿದಿರೋ ವಿದ್ಯೆ ಮಾತ್ರ ಕೆಲಸಕ್ಕೆ ಬರೋದು.

ಮೊದಲು ಕ್ರಿಂಪಿಂಗ್, ಅಂದ್ರೆ ನೆಟ್‌ವರ್ಕ್ ಕೇಬಲ್ ತುದಿಗೆ ಪ್ಲಗ್ ಕೂರಿಸೋದು. ನಗಬೇಡಿ. ತಂತಿಗಳ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ರಲ್ಲಿ ಕೂರುತ್ತೆ, ಮಧ್ಯೆ ನೀಲಿ. ಹೊಸಬರು ಎರಡು ಹಸಿರನ್ನ ಅಕ್ಕಪಕ್ಕ 3, 4ರಲ್ಲಿ ಕೂರಿಸ್ತಾರೆ. ಎರಡೂ ತುದಿ ಹಾಗೇ ಮಾಡಿದರೆ ಅಗ್ಗದ ಟೆಸ್ಟರ್‌ನಲ್ಲಿ ಎಂಟೂ ದೀಪ ಸಾಲಾಗಿ ಉರೀತವೆ, ಕೇಬಲ್ ಸರಿ ಇದೆ ಅನ್ಸುತ್ತೆ. ಜೋಡಿ ಒಡೆದಿರೋದ್ರಿಂದ ಒಂದರ ಸದ್ದು ಇನ್ನೊಂದಕ್ಕೆ ಹೋಗಿ ಲಿಂಕ್ ಏಳುತ್ತೆ, ಬೀಳುತ್ತೆ. ತಿರುವು ಬಿಚ್ಚೋದು 13 ಮಿ.ಮೀ. ದಾಟಬಾರದು, ಒಟ್ಟು ಉದ್ದ 100 ಮೀಟರ್ ದಾಟಬಾರದು.

ಆಮೇಲೆ ಫೈಬರ್. ಮೈಸೂರಲ್ಲಿ ಬ್ರಾಡ್‌ಬ್ಯಾಂಡ್ ಹಾಕೋ ಹುಡುಗರ ಜೊತೆ ಒಂದು ವಾರ ಓಡಾಡಿದರೆ ಸಾಕು. ಸ್ಪ್ಲೈಸ್ ಅಂದ್ರೆ ಎರಡು ಎಳೆ ಬೆಸೆಯೋದು. ಜಾಯಿಂಟ್ ಕಾಯೋ ಸ್ಲೀವ್ (ಕೊಳವೆ) ಮೊದಲು ಏರಿಸಬೇಕು. ಸ್ಪ್ಲೈಸ್ ಆದ ಮೇಲೆ ನೆನಪಾದರೆ ಕತ್ತರಿಸಿ ಮತ್ತೆ ಮೊದಲಿಂದ. ಕೋಟಿಂಗ್ ಸುಲಿದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹೊಸ ಟಿಶ್ಯೂನಲ್ಲಿ ಒರೆಸಿ, ಕ್ಲೀವ್ ಮಾಡಿ (ತುದಿ ನೇರಕ್ಕೆ ಕತ್ತರಿಸಿ) ಮೆಷಿನ್‌ಗೆ ಇಡೋದು. ಕ್ಲೀವ್ ಆದ ಮೇಲೆ ತುದಿ ಎಲ್ಲಿಗೂ ತಾಗಬಾರದು. ಕ್ಲೀವ್‌ಗೆ ಮುಂಚೆ ಒರೆಸಬೇಕು, ಆದ ಮೇಲೆ ಒರೆಸೋದು ತಪ್ಪು. ನಷ್ಟ 0.1 ಡಿಬಿ ದಾಟಿದರೆ ಒಡೆದು ಮತ್ತೆ ಮಾಡು. ಜಾಯಿಂಟ್ ಚೆನ್ನಾಗಿದ್ದೂ ಲಿಂಕ್ ಬರದಿದ್ದರೆ ಒಟಿಡಿಆರ್‌ನಲ್ಲಿ (ಫೈಬರ್ ದೋಷ ಹುಡುಕೋ ಉಪಕರಣ) 1310, 1550 ನ್ಯಾನೊಮೀಟರ್ ಬೆಳಕು ಎರಡರಲ್ಲೂ ನೋಡಬೇಕು: 1550ರಲ್ಲಿ ಮಾತ್ರ ನಷ್ಟ ಹೆಚ್ಚು ಅಂದ್ರೆ ಎಲ್ಲೋ ಬಿಗಿಯಾಗಿ ಮಡಚಿದ್ದಾರೆ, ಬಾಕ್ಸ್ ತೆಗೆದು ಸುರುಳಿ ಸಡಿಲ ಮಾಡು.

ರೇಡಿಯೊಗೆ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಪರೀಕ್ಷೆ ಬರೆಸಿ. ‘ಆಕಾಶವಾಣಿ’ ಅನ್ನೋ ಹೆಸರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಗೋಪಾಲಸ್ವಾಮಿ 1935ರಲ್ಲಿ ಮನೆಯಿಂದಲೇ ಪ್ರಸಾರ ಶುರು ಮಾಡಿದ ಊರು ಮೈಸೂರು, ಇಲ್ಲಿ ಹ್ಯಾಮ್‌ಗಳಿಗೆ ಬರ ಇಲ್ಲ. ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಬೇಡ. ಸರಳ ಡೈಪೋಲ್ ಆಂಟೆನಾ ಒಂದು ಕೈಯಾರೆ ಕಟ್ಟಲಿ: 143ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಲ್ಲಿ ಉದ್ದ. 7.1ಕ್ಕೆ ಸುಮಾರು 20.1 ಮೀಟರ್, ಒಂದೊಂದು ಕಡೆ 10ಕ್ಕೆ ಚೂರು ಜಾಸ್ತಿ. ಮೊದಲು ಉದ್ದ ಬಿಟ್ಟು ಆಮೇಲೆ ಚೂರು ಚೂರೇ ಕತ್ತರಿಸೋದು, ಕತ್ತರಿಸಿದ್ದು ಅಂಟಲ್ಲ. ಅದನ್ನೇ ಐದಾರು ಮೀಟರ್ ಎತ್ತರದಲ್ಲಿ ಅಡ್ಡ ಕಟ್ಟಿದರೆ ಅಲೆ ನೆಟ್ಟಗೆ ಮೇಲೆ ಹೋಗಿ ಗುಡ್ಡದ ಆಚೆ ಇಳಿಯುತ್ತೆ. ವಿಎಚ್‌ಎಫ್ ಸೆಟ್ ಸತ್ತ ಕಣಿವೆಯಲ್ಲಿ ಇದೇ ಕೆಲಸ ಮಾಡೋದು. ಹಗಲು ಹಿಡಿದ ಫ್ರೀಕ್ವೆನ್ಸಿ ರಾತ್ರಿ ಹಿಡಿಯಲ್ಲ, ಕೆಳಗಿಳೀಬೇಕು. ಸೆಟ್ ಕೆಟ್ಟಿದೆ ಅಂತ ಬಿಚ್ಚೋ ಮುಂಚೆ ಬ್ಯಾಟರಿ ತುದಿ ನೋಡು. ಕೇಳೋಕೆ ಸರಿಯಾಗಿ ಕೇಳಿ, ಮಾತಾಡೋಕೆ ಬಟನ್ ಒತ್ತಿದ ಕೂಡಲೇ ಸೆಟ್ ಆರಿಹೋದರೆ ಹತ್ತಕ್ಕೆ ಎಂಟು ಸಲ ಸಡಿಲ ಕ್ಲಿಪ್ಪು ಇಲ್ಲಾ ಸಣ್ಣ ವೈರು. 100 ವಾಟಿನ ಸೆಟ್ ಪ್ರಸಾರದಲ್ಲಿ 20 ಆಂಪ್ ಎಳೆಯುತ್ತೆ.

ಲಿನಕ್ಸ್, ಸಬ್‌ನೆಟ್ ಲೆಕ್ಕ ಕಾಗದದ ಮೇಲೆ, ಎರಡು ಹಳೇ ಸ್ವಿಚ್‌ನಲ್ಲಿ ವಿಲ್ಯಾನ್ (ಒಂದೇ ಸ್ವಿಚ್ಚಲ್ಲಿ ಬೇರೆ ಬೇರೆ ಜಾಲ ಮಾಡೋದು) ಕಲೀಲಿ. ಹಿಂದಿಯನ್ನೂ ಈಗಲೇ ಕಿವಿಗೆ ಹಾಕಿಕೊಳ್ಳಲಿ, ಟ್ರೇನಿಂಗ್ ಸೆಂಟರ್‌ನಲ್ಲಿ ಎಲ್ಲ ಅದರಲ್ಲೇ.

ಹಾಲಹಳ್ಳಿ ಹೇಮ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಹೆಣ್ಣುಮಕ್ಕಳಿಗೆ ಇದರಲ್ಲಿ ಏನಿದೆ? ಬಿಇ ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ.

ಹಳೇ ಎಕ್ಸ್‌ಚೇಂಜ್, ಮಂಡ್ಯ

ಅಗ್ನಿವೀರ್‌ನಲ್ಲಿ ಸೇನೆಗೆ ಹೆಣ್ಣುಮಕ್ಕಳನ್ನ ತಗೊಳ್ಳೋದು ಮಿಲಿಟರಿ ಪೊಲೀಸ್‌ಗೆ ಮಾತ್ರ ತಾಯಿ, ಟೆಕ್ನಿಕಲ್ ಇಲ್ಲ. ನಿಮ್ಮ ದಾರಿ ಎಸ್‌ಎಸ್‌ಸಿ ಟೆಕ್ ಮಹಿಳಾ ವಿಭಾಗ. ಸೀಟು ಒಂದು ಕೋರ್ಸಿಗೆ 30ರ ಆಸುಪಾಸು, ಹಾಗಾಗಿ ಕಟ್ ಆಫ್ ಗಂಡುಹುಡುಗರಿಗಿಂತ ಮೇಲೇ ಇರುತ್ತೆ. ಕಾಲೇಜಲ್ಲಿ ಎನ್‌ಸಿಸಿ ಇದ್ದರೆ ಈಗಲೇ ಸೇರಿ.

ಎಸ್‌ಎಸ್‌ಬಿ ಐದು ದಿನ, ಬೆಂಗಳೂರಲ್ಲೇ ಒಂದು ಸೆಂಟರ್ ಇದೆ. ಮೊದಲ ದಿನ ಚಿತ್ರ ನೋಡಿ ಕಥೆ ಬರೆದು ಗುಂಪಲ್ಲಿ ಮಾತಾಡೋದರಲ್ಲೇ ಬಹಳ ಜನ ಮನೆಗೆ. ಇಂಗ್ಲಿಷ್ ಸುಂದರವಾಗಿರಬೇಕಾಗಿಲ್ಲ, ಬಾಯಿ ಬಿಡಬೇಕು. ನಮ್ಮ ಮಂಡ್ಯ ಮೈಸೂರು ಮಕ್ಕಳು ಗೊತ್ತಿದ್ದೂ ಸುಮ್ನೆ ಕೂರ್ತಾರೆ.

ಶಿಂಷಾತೀರ, ಮದ್ದೂರು

ಎಲ್ಲರಿಗೂ ಧನ್ಯವಾದ. ನೋಡಿದೆ, ಆಧಾರ್‌ನಲ್ಲಿ ಅಪ್ಪನ ಹೆಸರೇ ಬೇರೆ ಇದೆ. ಒಂದು ಕೊನೇ ಪ್ರಶ್ನೆ: ಅವನಿಗೆ ಹಸಿರು-ಕಂದು ಬಣ್ಣ ಸ್ವಲ್ಪ ಗೊಂದಲ ಆಗುತ್ತೆ ಅಂತಾನೆ. ತೊಂದರೆಯಾ?

ಕಪ್ಪುತಂತಿ, ಶ್ರೀರಂಗಪಟ್ಟಣ

ಅದನ್ನ ಮೊದಲೇ ಹೇಳಬೇಕಿತ್ತು. ಬೇರೆಲ್ಲಕ್ಕಿಂತ ಮುಂಚೆ ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಇಶಿಹಾರ ಚುಕ್ಕೆ ಪುಸ್ತಕದಲ್ಲಿ ನೋಡಿಸಿ, ಐದು ನಿಮಿಷದ ಕೆಲಸ. ಬಣ್ಣ ನೋಡೋ ಶಕ್ತಿಯನ್ನ ಸೇನೆಯ ಮೆಡಿಕಲ್‌ನಲ್ಲಿ ಬಿಡದೆ ಪರೀಕ್ಷಿಸ್ತಾರೆ, ಆಪರೇಷನ್ನಿಂದ ಸರಿಯಾಗೋ ದೋಷ ಅಲ್ಲ ಅದು. ಕೆಲಸಕ್ಕೂ ಬೇಕು: ಫೈಬರ್‌ಗಳು ನೀಲಿ, ಕಿತ್ತಳೆ, ಹಸಿರು, ಕಂದು ಅಂತ ಹನ್ನೆರಡು ಬಣ್ಣದ ಸಾಲಲ್ಲಿ ಬರುತ್ತವೆ, ಮೂರನೇದೂ ನಾಲ್ಕನೇದೂ ಅದೇ ಹಸಿರು, ಕಂದು. ಟಾರ್ಚ್ ಬೆಳಕಲ್ಲಿ ಎರಡನ್ನ ಅದಲುಬದಲು ಮಾಡಿದರೆ ಎರಡು ಲಿಂಕ್ ಒಟ್ಟಿಗೆ ಸಾಯುತ್ತವೆ.

ಅದೇ ಭೇಟಿಯಲ್ಲಿ ಕಿವಿಯ ಗುಗ್ಗೆ ತೆಗೆಸಿ, ಮೂಗಿನ ಮೂಳೆ ಸೊಟ್ಟ ಇದೆಯಾ, ಪಾದ ಚಪ್ಪಟೆಯಾ ಅಂತಲೂ ನೋಡಿಸಿ. ಬಣ್ಣದ ಫಲಿತಾಂಶ ಬಂದ ಮೇಲೆ ಇಲ್ಲಿ ಹಾಕಿ. ಆಮೇಲೆ ಆಧಾರ್.